ಎರಡು ವಿಮೆಗಳ ನಡುವಣ ಕಾಲುಸಂಕ



ಮಳೆಗಾಲ ಸಮೀಪಿಸಿತೆಂದರೆ ಕಾಸರಗೋಡಿನ ನಮ್ಮ ಹಳ್ಳಿಗಳಲ್ಲಿ ತೋಡುಗಳಿಗೆ ಕಾಲುಸಂಕ ಹಾಕುವ ರೂಢಿಯುಂಟು. ಎರಡು ಮೂರು ಅಡಿಕೆ ಮರಗಳನ್ನು ಅಡ್ಡಲಾಗಿ ಜೋಡಿಸಿ, ಕೈ ಹಿಡಿಯಲು ಒಂದು ಬಿದಿರು ಕಟ್ಟಿದರೆ ಸಂಕ ಸಿದ್ಧವಾಯಿತು. ಅದು ಸೇತುವೆಯಲ್ಲ, ನಾಲ್ಕು ತಿಂಗಳ ಆಸರೆ ಮಾತ್ರ. ಆದರೆ ಆ ನಾಲ್ಕು ತಿಂಗಳು ಮಕ್ಕಳು ಶಾಲೆಗೆ ಬರಬೇಕಾದರೆ, ರೋಗಿಯನ್ನು ರಸ್ತೆಗೆ ಮುಟ್ಟಿಸಬೇಕಾದರೆ ಅದೇ ದಾರಿ. ತೋಡು ಕೆಂಪಗೆ ತುಂಬಿ ಹರಿಯತೊಡಗಿದ ಮೇಲೆ ಮರ ಕಡಿಯಲು ಹೊರಟವನನ್ನು ಊರವರು ಬುದ್ಧಿವಂತನೆಂದು ಹೇಳುವುದಿಲ್ಲ.

ಆರೋಗ್ಯ ವಿಮೆಯಲ್ಲಿಯೂ ಇಂತಹ ತೋಡುಗಳಿವೆ. ಒಂದು ವಿಮೆ ಮುಗಿದಿದೆ, ಇನ್ನೊಂದು ಆರಂಭವಾಗಿಲ್ಲ. ನಡುವೆ ಕೆಲವು ವಾರಗಳು, ಕೆಲವು ತಿಂಗಳುಗಳು. ಈ ನಡುವಣ ಅವಧಿಯನ್ನು ನಾವು ‘ತೆರಪು’ ಎಂದು ಕರೆಯೋಣ. ತೆರಪಿನಲ್ಲಿ ಮನೆಯವರೊಬ್ಬರು ಕಾಯಿಲೆ ಬಿದ್ದರೆ ಗತಿಯೇನು? ಈ ದಿನಗಳನ್ನು ದಾಟಲು ಯಾವ ಯಾವ ಸಂಕಗಳಿವೆ? ಅವು ಎಷ್ಟು ಭಾರ ತಡೆದಾವು? ಈ ಪಾಠದಲ್ಲಿ ಇದನ್ನು ವಿವೇಚಿಸೋಣ.

ವಿಮೆ ಎಂದರೇನು?

‘ವಿಮೆ’ ಎಂಬ ಪದವು ಪಾರಸಿಯ ‘ಬೀಮಾ’ ಎಂಬುದರಿಂದ ಬಂದಿದೆ. ಮರಾಠಿಯಲ್ಲಿ ಅದು ‘ವಿಮಾ’. ಪದ ಹೊರಗಿನದಾದರೂ ಅದರ ಹಿಂದಿನ ವಿಚಾರ ನಮಗೆ ಹೊಸತಲ್ಲ. ಹತ್ತು ಮನೆಯವರು ಸ್ವಲ್ಪ ಸ್ವಲ್ಪ ಕೂಡಿಸಿಟ್ಟು, ಕಷ್ಟ ಬಂದ ಒಂದು ಮನೆಗೆ ಅದರಿಂದ ನೆರವಾಗುವುದೇ ಇದರ ಮೂಲತತ್ತ್ವ. ಹೀಗೆ ಪ್ರತಿಯೊಬ್ಬನೂ ಕೊಡುವ ಹಣಕ್ಕೆ ಪ್ರೀಮಿಯಂ ಎಂದೂ, ಒಪ್ಪಂದದ ಪತ್ರಕ್ಕೆ ಪಾಲಿಸಿ ಎಂದೂ ಹೆಸರು.

ನಮ್ಮ ದೇಶದಲ್ಲಿ ಕಾರ್ಮಿಕರಿಗಾಗಿ 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯ್ದೆಯಾಯಿತು. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಆ ಯೋಜನೆ ಕಾರ್ಯಾರಂಭ ಮಾಡಿತು. ಇದನ್ನೇ ಜನರು ಇ.ಎಸ್.ಐ. ಎನ್ನುವರು. ಸಾಮಾನ್ಯ ಜನರು ಹಣ ಕೊಟ್ಟು ಪಡೆಯಬಹುದಾದ ‘ಮೆಡಿಕ್ಲೈಮ್’ ಪಾಲಿಸಿಯನ್ನು ಸರಕಾರಿ ವಿಮಾ ಕಂಪೆನಿಗಳು 1986ರಲ್ಲಿ ತಂದವು. ಬಡ ಕುಟುಂಬಗಳಿಗಾಗಿ ಕೇಂದ್ರದ ಆಯುಷ್ಮಾನ್ ಭಾರತ ಯೋಜನೆಯು 2018ರ ಸೆಪ್ಟೆಂಬರ್ 23ರಂದು ಉದ್ಘಾಟನೆಗೊಂಡಿತು. ಕೇರಳದಲ್ಲಿ ಅದು ‘ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ’ ಎಂಬ ಹೆಸರಿನಲ್ಲಿ 2019ರ ಏಪ್ರಿಲ್ 1ರಿಂದ ನಡೆಯುತ್ತಿದೆ.

ತೆರಪು ಹೇಗೆ ಉಂಟಾಗುತ್ತದೆ?

ಇಂದು ಅನೇಕ ಮನೆಗಳ ಆರೋಗ್ಯ ವಿಮೆಯು ದುಡಿಯುವವನ ಕೆಲಸಕ್ಕೆ ಕಟ್ಟಿಕೊಂಡಿದೆ. ಕಂಪೆನಿಯು ತನ್ನ ಎಲ್ಲ ನೌಕರರ ಪರವಾಗಿ ಒಂದೇ ಪಾಲಿಸಿಯನ್ನು ಮಾಡಿಸುತ್ತದೆ. ಇದಕ್ಕೆ ಸಾಮೂಹಿಕ ವಿಮೆ ಎನ್ನುತ್ತಾರೆ. ನೌಕರನ ಹೆಂಡತಿ ಮಕ್ಕಳೂ, ಕೆಲವೆಡೆ ತಂದೆತಾಯಿಗಳೂ ಅದರ ನೆರಳಿನಲ್ಲಿರುತ್ತಾರೆ. ಮರ ಉರುಳಿದರೆ ನೆರಳೂ ಹೋಗುವಂತೆ, ಕೆಲಸ ಬಿಟ್ಟೊಡನೆ ಈ ವಿಮೆಯೂ ಹೋಗುತ್ತದೆ. ತೆರಪು ಉಂಟಾಗುವ ಮುಖ್ಯ ಸಂದರ್ಭಗಳು ಇವು:

ಒಂದು, ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವಣ ಕಾಲ.

ಎರಡು, ನಿವೃತ್ತಿ. ವಿಮೆಯ ಅಗತ್ಯ ಹೆಚ್ಚುವ ವಯಸ್ಸಿನಲ್ಲಿಯೇ ಕಂಪೆನಿಯ ವಿಮೆ ಕೈಬಿಡುತ್ತದೆ.

ಮೂರು, ಮಕ್ಕಳು ದೊಡ್ಡವರಾಗುವುದು. ಖಾಸಗಿ ಪಾಲಿಸಿಗಳಲ್ಲಿ ಮಕ್ಕಳನ್ನು ಸಾಮಾನ್ಯವಾಗಿ 25 ವರ್ಷದವರೆಗೆ ಅವಲಂಬಿತರೆಂದು ಪರಿಗಣಿಸುತ್ತಾರೆ. ಇ.ಎಸ್.ಐ.ಯಲ್ಲಿ ಓದುತ್ತಿರುವ ಮಗನಿಗೆ ಈ ಮಿತಿ 21 ವರ್ಷ. ಓದು ಮುಗಿದು ಕೆಲಸ ಸಿಗುವ ಮೊದಲೇ ಈ ದಿನ ಬಂದುಬಿಡಬಹುದು.

ನಾಲ್ಕು, ಕೊಲ್ಲಿ ರಾಷ್ಟ್ರಗಳಿಂದ ಹಿಂತಿರುಗುವುದು. ನಮ್ಮ ಜಿಲ್ಲೆಯಲ್ಲಿ ಇದು ಮನೆಮನೆಯ ಮಾತು. ದುಬೈಯಲ್ಲಿ 2013ರ ಕಾಯ್ದೆಯಂತೆ ಮಾಲಕನು ನೌಕರನಿಗೆ ಆರೋಗ್ಯ ವಿಮೆ ಮಾಡಿಸಲೇಬೇಕು. 2025ರ ಜನವರಿ 1ರಿಂದ ಈ ಕಡ್ಡಾಯವು ಸಂಯುಕ್ತ ಅರಬ್ ಎಮಿರೇಟ್ಸಿನ ಎಲ್ಲ ಭಾಗಗಳಿಗೂ ವಿಸ್ತರಿಸಿದೆ. ಆದರೆ ಆ ವಿಮೆ ಅಲ್ಲಿನ ಕೆಲಸಕ್ಕೆ ಸೇರಿದ್ದು. ಊರಿಗೆ ಮರಳಿ ಹೊಸ ಪಾಲಿಸಿ ಮಾಡಿಸುವಾಗ ಅಲ್ಲಿ ಕಳೆದ ವಿಮೆಯ ವರ್ಷಗಳು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ತೆರಪಿನಿಂದಾಗುವ ಎರಡು ನಷ್ಟಗಳು

ಮೊದಲನೆಯ ನಷ್ಟ ಎಲ್ಲರಿಗೂ ಕಾಣುವಂಥದು. ಆ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಪೂರ್ತಿ ಖರ್ಚು ನಮ್ಮದೇ. ಚಿನ್ನ ಅಡವಿಡುವುದೋ ಜಾಗ ಮಾರುವುದೋ ಅನಿವಾರ್ಯವಾಗಬಹುದು.

ಎರಡನೆಯ ನಷ್ಟ ಒಡನೆ ಕಾಣುವುದಿಲ್ಲ. ಖಾಸಗಿ ಆರೋಗ್ಯ ಪಾಲಿಸಿಗಳಲ್ಲಿ ‘ಕಾಯುವ ಅವಧಿ’ ಎಂಬುದೊಂದಿದೆ. ಹೊಸ ಪಾಲಿಸಿ ಮಾಡಿಸಿದ ಮೊದಲ 30 ದಿನಗಳಲ್ಲಿ ಅಪಘಾತದ ಹೊರತು ಬೇರೆ ಕಾಯಿಲೆಗಳಿಗೆ ಸಾಮಾನ್ಯವಾಗಿ ಹಣ ಸಿಗದು. ಕಣ್ಣಿನ ಪೊರೆ, ಹರ್ನಿಯಾ ಮುಂತಾದ ಕೆಲವು ಹೆಸರಿಸಿದ ಚಿಕಿತ್ಸೆಗಳಿಗೆ ಇನ್ನೂ ಹೆಚ್ಚು ಕಾಯಬೇಕು. ಪಾಲಿಸಿಗೆ ಮೊದಲೇ ಇದ್ದ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಹೃದ್ರೋಗಗಳಿಗೆ ಕಾಯುವ ಅವಧಿ ಎಲ್ಲಕ್ಕಿಂತ ದೊಡ್ಡದಾಗಿರಬಹುದು. ಹಿಂದೆ ಇದರ ಗರಿಷ್ಠ ಮಿತಿ 48 ತಿಂಗಳಾಗಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮಗಳಂತೆ ಅದು 36 ತಿಂಗಳಿಗೆ ಇಳಿದಿದೆ.

ಒಂದು ಲೆಕ್ಕವನ್ನು ನೋಡಿ. ಸಕ್ಕರೆ ಕಾಯಿಲೆಯುಳ್ಳ ಒಬ್ಬ ತಂದೆ ನಾಲ್ಕು ವರ್ಷ ಕಂಪೆನಿಯ ವಿಮೆಯಲ್ಲಿದ್ದನೆಂದು ಇಟ್ಟುಕೊಳ್ಳೋಣ. ಕೆಲಸ ಬಿಟ್ಟ ಮೇಲೆ ‘ನೋಡೋಣ, ಮುಂದೆ ಮಾಡಿಸಿದರಾಯಿತು’ ಎಂದು ಆರು ತಿಂಗಳು ಸುಮ್ಮನಿದ್ದು, ಅನಂತರ ಹೊಸ ಪಾಲಿಸಿ ತೆಗೆದುಕೊಂಡನು. ಅವನು ಆರು ತಿಂಗಳನ್ನು ಮಾತ್ರ ಕಳೆದುಕೊಂಡನೇ? ಇಲ್ಲ. ಸಕ್ಕರೆ ಕಾಯಿಲೆಯ ಸಂಬಂಧದ ಚಿಕಿತ್ಸೆಗೆ ಅವನು ಮತ್ತೆ ಮೂರು ವರ್ಷದವರೆಗೂ ಕಾಯಬೇಕಾದೀತು. ಆರು ತಿಂಗಳ ಆಲಸ್ಯದ ಬೆಲೆ ಮೂರೂವರೆ ವರ್ಷ! ಗಣಿತದಲ್ಲಿ ಇಂತಹ ಗುಣಾಕಾರವಿಲ್ಲ, ವಿಮೆಯಲ್ಲಿ ಉಂಟು.

ಆದುದರಿಂದ ಈ ಪಾಠದ ಮುಖ್ಯ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ವಿಮೆಯಲ್ಲಿ ಹಣದಷ್ಟೇ ಮುಖ್ಯವಾದುದು ನಿರಂತರತೆ. ಹೊಸ ಕೊಂಬೆಯನ್ನು ಹಿಡಿಯದೆ ಹಳೆಯ ಕೊಂಬೆಯನ್ನು ಬಿಡಬಾರದು.

ಅಮೆರಿಕದವರು ಹಾಕಿದ ಸಂಕ

ತೆರಪಿನ ತೊಂದರೆಯನ್ನು ಬಹಳವಾಗಿ ಉಂಡ ದೇಶ ಅಮೆರಿಕ. ಅಲ್ಲಿ 65 ವರ್ಷಕ್ಕೆ ಕೆಳಗಿನ ಹೆಚ್ಚಿನವರ ಆರೋಗ್ಯ ವಿಮೆ ಉದ್ಯೋಗದ ಮೂಲಕವೇ ಬರುತ್ತದೆ. ಕೆಲಸಕ್ಕೆಂದು ಅಲ್ಲಿಗೆ ಹೋದ ಕನ್ನಡಿಗರ ಮಕ್ಕಳಿಗೂ ಇದೇ ವ್ಯವಸ್ಥೆ. ಆದುದರಿಂದ ಅವರು ಕಂಡುಕೊಂಡ ದಾರಿಗಳನ್ನು ಅರಿಯುವುದು ನಮಗೂ ಪ್ರಯೋಜನಕರ.

1986ರಲ್ಲಿ ಅಲ್ಲಿ ಒಂದು ಕಾಯ್ದೆಯಾಯಿತು. ಅದರ ಉದ್ದ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಕೋಬ್ರಾ’ ಎಂದಾಗುತ್ತದೆ. ಹೆಸರು ನಾಗರಹಾವಿನದಾದರೂ ಸ್ವಭಾವ ಸಾಧುವೇ. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯನ್ನು ಬಿಟ್ಟವನು ಸಾಮಾನ್ಯವಾಗಿ 18 ತಿಂಗಳವರೆಗೆ ಹಳೆಯ ಸಾಮೂಹಿಕ ವಿಮೆಯನ್ನೇ ಮುಂದುವರಿಸಬಹುದು. ಆದರೆ ಮಾಲಕನು ಕೊಡುತ್ತಿದ್ದ ಪಾಲನ್ನೂ ತಾನೇ ಕೊಡಬೇಕು, ಅದರ ಮೇಲೆ ನೂರಕ್ಕೆ ಎರಡರಷ್ಟು ನಿರ್ವಹಣಾ ವೆಚ್ಚವೂ ಬರಬಹುದು. ಕೆಲಸವಿಲ್ಲದ ಕಾಲದಲ್ಲಿ ಇದು ಹಲವರ ಕೈಗೆ ಎಟಕುವುದಿಲ್ಲ.

ಹಾಗಾಗಿ ಅಲ್ಲಿ ‘ಅಲ್ಪಾವಧಿ ಆರೋಗ್ಯ ವಿಮೆ’ ಎಂಬುದು ಮಾರಾಟದಲ್ಲಿದೆ. ಬೆಲೆ ಕಡಿಮೆ, ಬೇಗ ಸಿಗುತ್ತದೆ. ಬೆಲೆ ಏಕೆ ಕಡಿಮೆ ಎಂಬುದನ್ನು ಕೇಳಬೇಕಲ್ಲವೇ? 2010ರ ಆರೋಗ್ಯ ಕಾಯ್ದೆಯ ಪ್ರಕಾರ, 2014ರಿಂದ ಅಲ್ಲಿನ ಸಾಮಾನ್ಯ ವಿಮೆಗಳು ಹಳೆಯ ಕಾಯಿಲೆಯ ಕಾರಣದಿಂದ ಯಾರನ್ನೂ ದೂರವಿಡುವಂತಿಲ್ಲ. ಆದರೆ ಅಲ್ಪಾವಧಿ ವಿಮೆಗೆ ಈ ಕಟ್ಟಳೆ ಅನ್ವಯಿಸುವುದಿಲ್ಲ. ಹಳೆಯ ಕಾಯಿಲೆಗೆ ಅದು ಹಣ ಕೊಡದಿರಬಹುದು. ಹೆರಿಗೆ, ಮಾನಸಿಕ ಚಿಕಿತ್ಸೆ, ಮದ್ದುಗಳ ಖರ್ಚನ್ನು ಬಿಟ್ಟಿರಬಹುದು. ಒಟ್ಟು ಇಷ್ಟೇ ಕೊಡುತ್ತೇನೆಂದು ಮಿತಿ ಹಾಕಿರಬಹುದು. ಆರೋಗ್ಯವಂತನಾದ ತರುಣನಿಗೆ ಅಕಸ್ಮಾತ್ತಿನ ಅಪಘಾತವಾದರೆ ಇದು ಉಪಯೋಗಕ್ಕೆ ಬಂದೀತು. ಈಗಾಗಲೇ ರೋಗವುಳ್ಳವನು ಇದನ್ನು ನೆಚ್ಚಿದರೆ ನಡುತೋಡಿನಲ್ಲಿ ಸಂಕ ಮುರಿದಂತಾಗುತ್ತದೆ.

ಈ ಸಂಕ ಎಷ್ಟು ಉದ್ದವಿರಬಹುದು ಎಂಬ ವಿಷಯದಲ್ಲಿ ಅಲ್ಲಿನ ಸರಕಾರಗಳೇ ಒಂದು ಮನಸ್ಸಿನಲ್ಲಿಲ್ಲ. 2016ರ ನಿಯಮವು ಮೂರು ತಿಂಗಳಿಗಿಂತ ಕಡಿಮೆ ಎಂದಿತು. 2018ರಲ್ಲಿ 364 ದಿನಗಳವರೆಗೆ, ನವೀಕರಣಗಳೆಲ್ಲ ಸೇರಿ 36 ತಿಂಗಳವರೆಗೆ ಎಂದಾಯಿತು. 2024ರಲ್ಲಿ ಮತ್ತೆ ಮೂರು ತಿಂಗಳು, ನವೀಕರಣ ಸೇರಿ ನಾಲ್ಕು ತಿಂಗಳು ಎಂದು ಬಿಗಿಗೊಳಿಸಿದರು. 2025ರ ಆಗಸ್ಟಿನಲ್ಲಿ ಆ ಬಿಗಿಯನ್ನು ಜಾರಿಗೊಳಿಸಲು ತಾನು ಆದ್ಯತೆ ಕೊಡುವುದಿಲ್ಲವೆಂದು ಸರಕಾರ ಸಾರಿತು. ಕ್ಯಾಲಿಫೋರ್ನಿಯಾ ರಾಜ್ಯವಾದರೋ 2019ರಿಂದ ಇಂತಹ ಪಾಲಿಸಿಗಳನ್ನು ಪೂರ್ತಿಯಾಗಿ ನಿಷೇಧಿಸಿದೆ. ಒಂದೇ ವಸ್ತುವನ್ನು ಒಬ್ಬರು ಬಡವರ ಆಸರೆ ಎನ್ನುತ್ತಾರೆ, ಇನ್ನೊಬ್ಬರು ಹುಸಿ ಆಸರೆ ಎನ್ನುತ್ತಾರೆ. ಎರಡರಲ್ಲಿಯೂ ಸತ್ಯಾಂಶವಿದೆ. ಕೊಳ್ಳುವವನು ಬೆಲೆಯ ಅಂಕಿಯನ್ನು ಓದುವ ಮೊದಲು ‘ಇವುಗಳಿಗೆ ಹಣ ಕೊಡುವುದಿಲ್ಲ’ ಎಂಬ ಪುಟವನ್ನು ಓದಬೇಕೆಂಬುದೇ ಇದರಿಂದ ನಾವು ಕಲಿಯತಕ್ಕ ನೀತಿ.

ನಮ್ಮಲ್ಲಿ ಯಾವ ಸಂಕಗಳಿವೆ?

ಕೆಲಸದ ತೆರಪಿಗೆಂದೇ ಮೂರು ನಾಲ್ಕು ತಿಂಗಳಿಗೆ ಮಾಡಿಸುವ ವಿಮೆ ನಮ್ಮಲ್ಲಿ ರೂಢಿಯಲ್ಲಿಲ್ಲ. ಇಲ್ಲಿನ ಆರೋಗ್ಯ ಪಾಲಿಸಿಗಳ ಅವಧಿ ಸಾಮಾನ್ಯವಾಗಿ ಒಂದು ವರ್ಷ ಅಥವಾ ಹೆಚ್ಚು. ಅಲ್ಪಾವಧಿ ಪಾಲಿಸಿ ಎಂಬುದನ್ನು ನಾವು ದೊಡ್ಡ ಪ್ರಮಾಣದಲ್ಲಿ ಕಂಡದ್ದು ಕೋವಿಡ್ ಕಾಲದಲ್ಲಿ. 2020ರ ಜುಲೈಯಲ್ಲಿ ಬಂದ ‘ಕೊರೋನಾ ಕವಚ’ ಪಾಲಿಸಿಯ ಅವಧಿ ಮೂರೂವರೆ, ಆರೂವರೆ ಅಥವಾ ಒಂಬತ್ತೂವರೆ ತಿಂಗಳು. ವಿಮಾ ಮೊತ್ತ 50,000 ರೂಪಾಯಿಯಿಂದ 5 ಲಕ್ಷದವರೆಗೆ. ಕಾಯುವ ಅವಧಿ 15 ದಿನ. ಅದು ಆ ಒಂದು ವ್ಯಾಧಿಗಾಗಿ ಮಾಡಿದ ಕವಚವಾಗಿತ್ತು. ಹಾಗಾದರೆ ನಾವು ತೆರಪನ್ನು ದಾಟುವುದು ಹೇಗೆ? ಐದು ದಾರಿಗಳನ್ನು ಕ್ರಮವಾಗಿ ನೋಡೋಣ.

1. ಇ.ಎಸ್.ಐ.ಯ ಪ್ರಯೋಜನಾವಧಿ. ತಿಂಗಳ ಸಂಬಳ 21,000 ರೂಪಾಯಿಯವರೆಗೆ ಇರುವ, ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳ ನೌಕರರು ಇದರಲ್ಲಿ ಸೇರುತ್ತಾರೆ. 2019ರ ಜುಲೈಯಿಂದ ನೌಕರನ ಪಾಲು ಸಂಬಳದ ಶೇಕಡಾ 0.75, ಮಾಲಕನ ಪಾಲು ಶೇಕಡಾ 3.25. ಜವುಳಿ ಅಂಗಡಿಯಲ್ಲಿ 14,000 ರೂಪಾಯಿ ಸಂಬಳದ ತರುಣನೊಬ್ಬನಿದ್ದರೆ ಅವನ ಪಾಲು 105 ರೂಪಾಯಿ, ಮಾಲಕನದು 455 ರೂಪಾಯಿ, ಒಟ್ಟು 560 ರೂಪಾಯಿ.

ಕೆಲಸ ಬಿಟ್ಟ ದಿನವೇ ಈ ರಕ್ಷಣೆ ಮುಗಿಯಿತೆಂದು ಹಲವರು ತಿಳಿದು ಕಾರ್ಡನ್ನು ಮೂಲೆಗೆ ಎಸೆಯುತ್ತಾರೆ. ಇದು ತಪ್ಪು ಗ್ರಹಿಕೆ. ಯೋಜನೆಯಲ್ಲಿ ವರ್ಷವನ್ನು ಎರಡು ವಂತಿಗೆ ಅವಧಿಗಳಾಗಿ ವಿಂಗಡಿಸಿದ್ದಾರೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಯ ಫಲ ಮುಂದಿನ ವರ್ಷದ ಜನವರಿಯಿಂದ ಜೂನ್‌ವರೆಗೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದರ ಫಲ ಜುಲೈಯಿಂದ ಡಿಸೆಂಬರ್‌ವರೆಗೆ. ಒಂದು ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆಯಾದರೂ ಸಂದಿದ್ದರೆ, ಅದಕ್ಕೆ ಸರಿಯಾದ ಪ್ರಯೋಜನಾವಧಿಯ ಕೊನೆಯ ತನಕ ವೈದ್ಯಕೀಯ ಸೌಲಭ್ಯವಿದೆ ಎಂಬುದು ಯೋಜನೆಯ ಕಟ್ಟಳೆ.

ನಮ್ಮ ಜವುಳಿ ಅಂಗಡಿಯ ತರುಣನು ಹಿಂದಿನ ಅಕ್ಟೋಬರ್‌ನಿಂದ ದುಡಿಯುತ್ತಿದ್ದು ಆಗಸ್ಟ್ 31ಕ್ಕೆ ಕೆಲಸ ಬಿಟ್ಟನೆಂದು ಭಾವಿಸಿ. ಅಕ್ಟೋಬರ್–ಮಾರ್ಚ್ ವಂತಿಗೆಯು ಅವನನ್ನು ಡಿಸೆಂಬರ್ 31ರ ತನಕ ಕಾಯುತ್ತದೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ವಂತಿಗೆಯು ಜನವರಿಯಿಂದ ಜೂನ್ 30ರ ತನಕ ಕಾಯುತ್ತದೆ. ಕೆಲಸ ಬಿಟ್ಟ ಮೇಲೂ ಹತ್ತು ತಿಂಗಳು! ದೊಡ್ಡ ತಜ್ಞ ಚಿಕಿತ್ಸೆಗಳಿಗೆ ಬೇರೆ ಷರತ್ತುಗಳಿವೆ. 1948ರ ಕಾಯ್ದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯು ಜಾರಿಗೆ ಬಂದಿರುವುದರಿಂದ, ಕೆಲಸ ಬಿಟ್ಟವರು ತಮ್ಮ ಅರ್ಹತೆ ಯಾವ ದಿನದವರೆಗೆ ಎಂಬುದನ್ನು ಶಾಖಾ ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳುವುದು ಉತ್ತಮ.

2. ಸಾಮೂಹಿಕ ವಿಮೆಯಿಂದ ಸ್ವಂತ ಪಾಲಿಸಿಗೆ ಸ್ಥಳಾಂತರ. ಕಂಪೆನಿಯ ಸಾಮೂಹಿಕ ಪಾಲಿಸಿಯಲ್ಲಿದ್ದವನಿಗೆ, ಹೊರಗೆ ಬರುವಾಗ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಅಥವಾ ಕುಟುಂಬ ಪಾಲಿಸಿಗೆ ಸ್ಥಳಾಂತರ ಹೊಂದುವ ಅವಕಾಶವನ್ನು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮಗಳು ಕೊಟ್ಟಿವೆ. ಹಿಂದಿನ ವಿಮಾ ಮೊತ್ತದ ಮಟ್ಟಿಗೆ, ಅಷ್ಟು ವರ್ಷ ಕಾದ ಅವಧಿಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಮೇಲೆ ಹೇಳಿದ ಸಕ್ಕರೆ ಕಾಯಿಲೆಯ ತಂದೆಗೆ ಇದ್ದ ಸರಿಯಾದ ದಾರಿ ಇದೇ. ಪ್ರೀಮಿಯಂ ಈಗ ಸ್ವಂತ ಜೇಬಿನಿಂದ ಹೋಗುತ್ತದೆ. ವಿಮಾ ಸಂಸ್ಥೆಯು ಆರೋಗ್ಯದ ವಿವರಗಳನ್ನು ಪರಿಶೀಲಿಸಲೂಬಹುದು. ಆದುದರಿಂದ ರಾಜೀನಾಮೆ ಕೊಟ್ಟ ದಿನವೇ ಇದನ್ನು ವಿಚಾರಿಸಬೇಕು, ಕೊನೆಯ ದಿನ ಕಳೆದ ಮೇಲಲ್ಲ.

3. ಮೊದಲೇ ಮಾಡಿಸಿಟ್ಟ ಸ್ವಂತ ಪಾಲಿಸಿ. ಕಂಪೆನಿಯ ವಿಮೆ ಇದ್ದಾಗಲೇ ಸಣ್ಣದೊಂದು ಕುಟುಂಬ ಪಾಲಿಸಿ ಮಾಡಿಸಿಟ್ಟರೆ, ಅದರ ಕಾಯುವ ಅವಧಿಯು ನಮಗರಿವಿಲ್ಲದೆಯೇ ಸವೆಯುತ್ತ ಹೋಗುತ್ತದೆ. ‘ಆರೋಗ್ಯ ಸಂಜೀವನಿ’ ಎಂಬ, ಎಲ್ಲ ಕಂಪೆನಿಗಳಲ್ಲಿಯೂ ಒಂದೇ ಬಗೆಯ ಷರತ್ತುಗಳುಳ್ಳ ಪಾಲಿಸಿ 2020ರ ಏಪ್ರಿಲ್‌ನಿಂದ ದೊರೆಯುತ್ತಿದೆ. ವೈಯಕ್ತಿಕ ಆರೋಗ್ಯ ಪಾಲಿಸಿಗಳ ಪ್ರೀಮಿಯಂ ಮೇಲಿದ್ದ ಶೇಕಡಾ 18ರ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಗಿದೆ. ಸ್ವಂತ ಪಾಲಿಸಿ ಇಲ್ಲದವರು ಕೆಲಸ ಬಿಡಲು ನಿಶ್ಚಯಿಸಿದರೆ, ಬಿಡುವ ದಿನಕ್ಕೆ ಕನಿಷ್ಠ ಒಂದು ತಿಂಗಳ ಮೊದಲೇ ಪಾಲಿಸಿ ಮಾಡಿಸಬೇಕು. ಆರಂಭದ 30 ದಿನಗಳ ಕಾಯುವಿಕೆಯು ಹಳೆಯ ವಿಮೆಯ ನೆರಳಿನಲ್ಲಿಯೇ ಮುಗಿದುಹೋಗಲಿ.

4. ಕೃಪಾವಧಿ. ಸ್ವಂತ ಪಾಲಿಸಿಯನ್ನು ನವೀಕರಿಸುವ ದಿನ ತಪ್ಪಿದರೆ, ವರ್ಷಕ್ಕೊಮ್ಮೆ ಪ್ರೀಮಿಯಂ ಕಟ್ಟುವವರಿಗೆ 30 ದಿನಗಳ ಕೃಪಾವಧಿ ಇದೆ. ತಿಂಗಳ ಕಂತಿನವರಿಗೆ 15 ದಿನ. ವಾರ್ಷಿಕ ಪ್ರೀಮಿಯಂನ ಪಾಲಿಸಿ ಜೂನ್ 10ಕ್ಕೆ ಮುಗಿದು, ಜೂನ್ 25ಕ್ಕೆ ಹಣ ಕಟ್ಟಿದರೆ ಹಿಂದಿನ ವರ್ಷಗಳ ಲೆಕ್ಕ ಉಳಿಯುತ್ತದೆ. ಆದರೆ ಜೂನ್ 18ರಂದು ಆಸ್ಪತ್ರೆ ಸೇರಿದ್ದರೆ? ಹಣ ಸಲ್ಲದೆ ಇದ್ದ ಆ ನಡುವಿನ ದಿನಗಳಿಗೆ ರಕ್ಷಣೆ ಸಿಗದು. ಕೃಪಾವಧಿಯು ಹಳೆಯ ಲೆಕ್ಕವನ್ನು ಉಳಿಸುತ್ತದೆಯೇ ಹೊರತು ರೋಗವನ್ನು ತಡೆದು ನಿಲ್ಲಿಸುವುದಿಲ್ಲ.

5. ಸರಕಾರದ ಯೋಜನೆ. ಆಯುಷ್ಮಾನ್ ಭಾರತ ಮತ್ತು ಅದರೊಡನೆ ಕೂಡಿದ ಕಾರುಣ್ಯ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆ ಚಿಕಿತ್ಸೆ ಉಚಿತ. ಹಳೆಯ ಕಾಯಿಲೆಗಳಿಗೂ ಮೊದಲ ದಿನದಿಂದಲೇ ರಕ್ಷಣೆಯುಂಟು, ಕಾಯುವ ಅವಧಿಯಿಲ್ಲ. ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲದ ಕಾರಣ, ಕೆಲಸ ಹೋದರೆ ಇದು ಹೋಗುವುದಿಲ್ಲ. ಇದು ಎಲ್ಲರಿಗೂ ಇಲ್ಲ. ಆದರೆ ಇರುವವರೂ ಕಾರ್ಡನ್ನು ಸಕಾಲದಲ್ಲಿ ಸರಿಪಡಿಸಿಕೊಳ್ಳದೆ ಆಸ್ಪತ್ರೆಯ ಕಿಟಕಿಯ ಮುಂದೆ ಕಂಗೆಡುವುದುಂಟು.

ಗಡಿನಾಡಿನವರಿಗೆ ಒಂದು ಮಾತು

ನಮ್ಮಲ್ಲಿ ದೊಡ್ಡ ಕಾಯಿಲೆಯೆಂದರೆ ಮಂಗಳೂರು ಎಂಬ ರೂಢಿ ಹಳೆಯದು. 2020ರ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಆ ನೆಚ್ಚಿಕೆ ಎಷ್ಟು ಆಳವಾದುದೆಂದು ಎಲ್ಲರಿಗೂ ತಿಳಿಯಿತು. ಆದುದರಿಂದ ಯಾವ ವಿಮೆಯಾದರೂ ಸರಿ, ‘ಹಣ ಕಟ್ಟದೆ ಚಿಕಿತ್ಸೆ ಸಿಗುವ ಆಸ್ಪತ್ರೆಗಳ ಪಟ್ಟಿಯಲ್ಲಿ ಗಡಿಯ ಆಚೆಗಿನ ಆಸ್ಪತ್ರೆ ಇದೆಯೇ, ಈಚೆಗಿನದು ಯಾವುದು?’ ಎಂಬ ಎರಡು ಪ್ರಶ್ನೆಗಳನ್ನು ಕೇಳಿಯೇ ಮುಂದುವರಿಯಬೇಕು. ಇನ್ನೊಂದು ತೊಂದರೆ ಭಾಷೆಯದು. ಪಾಲಿಸಿ ಇಂಗ್ಲಿಷಿನಲ್ಲಿ, ಸರಕಾರದ ಸೂಚನೆಗಳು ಬಹುಮಟ್ಟಿಗೆ ಮಲಯಾಳದಲ್ಲಿ, ಮನೆಯ ಹಿರಿಯರಿಗೆ ತಿಳಿದದ್ದು ಕನ್ನಡ ಅಥವಾ ತುಳು. ಈ ಮೂರು ಭಾಷೆಗಳ ನಡುವೆ ಸಂಕವಾಗಬಲ್ಲವರು ಯಾರು? ಶಾಲೆಯಲ್ಲಿ ಇವನ್ನೆಲ್ಲ ಕಲಿಯುತ್ತಿರುವ ನೀವೇ ಅಲ್ಲವೇ, ಮಕ್ಕಳೇ! ನಿಬಂಧ ಬರೆಯುವುದಕ್ಕೆ ಮಾತ್ರವಲ್ಲ, ಅಜ್ಜಿಯ ಕಾರ್ಡನ್ನು ಓದಿ ಹೇಳುವುದಕ್ಕೂ ಭಾಷಾಜ್ಞಾನ ಬೇಕು.

ಸತ್ಯವನ್ನೇ ಬರೆಯಬೇಕು

ಪಾಲಿಸಿಯ ಅರ್ಜಿಯಲ್ಲಿ ಹಳೆಯ ಕಾಯಿಲೆಗಳ ಬಗ್ಗೆ ಪ್ರಶ್ನೆಗಳಿರುತ್ತವೆ. ‘ಇಲ್ಲವೆಂದು ಬರೆದರೆ ಬೇಗ ಸಿಗುತ್ತದೆ’ ಎಂದು ಹೇಳಿಕೊಡುವವರಿದ್ದಾರೆ. ಅವರ ಮಾತು ಕೇಳಬಾರದು. ಸುಳ್ಳು ಹೊರಬಿದ್ದರೆ ಬೇಕಾದ ಹೊತ್ತಿಗೆ ಹಣ ಸಿಗದೆ ಪಾಲಿಸಿಯೂ ರದ್ದಾಗಬಹುದು. ಪಾಲಿಸಿ ಎಡೆಬಿಡದೆ 60 ತಿಂಗಳು ನಡೆದ ಮೇಲೆ, ವಂಚನೆ ಸಾಬೀತಾಗದ ಹೊರತು, ಹಳೆಯ ಮಾಹಿತಿಯ ನೆಪದಿಂದ ಕಂಪೆನಿಯು ಹಣ ನಿರಾಕರಿಸುವಂತಿಲ್ಲ ಎಂಬ ನಿಯಮ 2024ರಿಂದ ಇದೆ. ಮೊದಲು ಇದು 96 ತಿಂಗಳಾಗಿತ್ತು. ಇಲ್ಲಿಯೂ ‘ಎಡೆಬಿಡದೆ’ ಎಂಬ ಪದವನ್ನು ಗಮನಿಸಿ. ಹೊಸ ಪಾಲಿಸಿ ಕೈಸೇರಿದ ಮೇಲೆ ಓದಿನೋಡಿ, ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಹಿಂತಿರುಗಿಸುವ ಹಕ್ಕು ಕೂಡ ಇದೆ. ಕಂಪೆನಿಯಿಂದ ಅನ್ಯಾಯವಾದರೆ ಮೊದಲು ಅದಕ್ಕೇ ಬರೆದು ದೂರಿಕೊಳ್ಳಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ಕೇರಳದವರು ಕೊಚ್ಚಿಯಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು.

ಮನೆಯಲ್ಲಿ ಮಾಡತಕ್ಕ ಕೆಲಸ

ಒಂದು ನೋಟುಪುಸ್ತಕದ ಹಾಳೆಯಲ್ಲಿ ನಾಲ್ಕು ಗೆರೆ ಎಳೆಯಿರಿ. ಮನೆಯ ಪ್ರತಿಯೊಬ್ಬರ ಹೆಸರು, ಅವರಿಗಿರುವ ವಿಮೆ, ಅದು ಮುಗಿಯುವ ದಿನ, ಮುಗಿದ ಮೇಲೆ ಏನು ಎಂಬುದನ್ನು ಬರೆಯಿರಿ. ಕೊನೆಯ ಸಾಲು ಖಾಲಿ ಉಳಿದವರ ಹೆಸರಿಗೆ ಗುರುತು ಹಾಕಿ ಹಿರಿಯರಿಗೆ ತೋರಿಸಿರಿ. ಆ ಖಾಲಿ ಜಾಗವೇ ತೆರಪು. ಕಾಗದದ ಮೇಲೆ ಅದು ಕಂಡಾಗ ತುಂಬುವುದು ಸುಲಭ, ಆಸ್ಪತ್ರೆಯ ಬಾಗಿಲಲ್ಲಿ ಕಂಡಾಗ ಕಷ್ಟ. ಬಾಯಾರಿದಾಗ ಬಾವಿ ತೋಡುವವರು ನಾವಾಗದಿರೋಣ.

ಕಠಿಣ ಪದಗಳು

ತೆರಪು – ನಡುವಣ ಖಾಲಿ ಜಾಗ ಅಥವಾ ಕಾಲ.
ವಂತಿಗೆ – ಪ್ರತಿಯೊಬ್ಬನು ಕೊಡುವ ಪಾಲಿನ ಹಣ.
ವಿಮಾ ಮೊತ್ತ – ವರ್ಷದಲ್ಲಿ ವಿಮೆಯಿಂದ ಸಿಗಬಹುದಾದ ಗರಿಷ್ಠ ಹಣ.
ಕಾಯುವ ಅವಧಿ – ಪಾಲಿಸಿ ಇದ್ದರೂ ಕೆಲವು ಕಾಯಿಲೆಗಳಿಗೆ ಹಣ ಸಿಗದ ಮೊದಲ ಕಾಲ.
ಕೃಪಾವಧಿ – ಗಡು ದಾಟಿದ ಮೇಲೂ ಹಣ ಕಟ್ಟಲು ಕೊಡುವ ಹೆಚ್ಚಿನ ದಿನಗಳು.

ಅಭ್ಯಾಸ

1. ತೆರಪಿನಿಂದಾಗುವ ಎರಡು ನಷ್ಟಗಳಾವುವು? ಇವುಗಳಲ್ಲಿ ಹೆಚ್ಚು ಅಪಾಯಕರವಾದುದು ಯಾವುದೆಂದು ನಿಮಗೆ ತೋರುತ್ತದೆ? ಕಾರಣ ಕೊಡಿರಿ.
2. ತಿಂಗಳಿಗೆ 18,000 ರೂಪಾಯಿ ಸಂಬಳದ ನೌಕರನ ಇ.ಎಸ್.ಐ. ವಂತಿಗೆ ಎಷ್ಟು? ಮಾಲಕನದು ಎಷ್ಟು?
3. ಒಂದು ವರ್ಷದಿಂದ ಎಡೆಬಿಡದೆ ದುಡಿಯುತ್ತಿದ್ದವನು ಫೆಬ್ರವರಿ 28ಕ್ಕೆ ಕೆಲಸ ಬಿಟ್ಟರೆ, ಅವನ ವೈದ್ಯಕೀಯ ಸೌಲಭ್ಯ ಯಾವ ದಿನದ ತನಕ ಇದ್ದೀತು? ಲೆಕ್ಕಹಾಕಿರಿ.
4. ಅಗ್ಗದ ಅಲ್ಪಾವಧಿ ವಿಮೆಯು ಯಾರಿಗೆ ಉಪಯುಕ್ತ, ಯಾರಿಗೆ ಅಲ್ಲ? ಐದು ವಾಕ್ಯಗಳಲ್ಲಿ ಬರೆಯಿರಿ.
5. ‘ಹೊಸ ಕೊಂಬೆಯನ್ನು ಹಿಡಿಯದೆ ಹಳೆಯ ಕೊಂಬೆಯನ್ನು ಬಿಡಬಾರದು’ – ಈ ಮಾತನ್ನು ನಿಮ್ಮ ಮನೆಯವರೊಡನೆ ಚರ್ಚಿಸಿ, ಅವರು ಹೇಳಿದ ಅಭಿಪ್ರಾಯವನ್ನು ನಿಮ್ಮ ಮಾತುಗಳಲ್ಲಿ ಬರೆದು ತನ್ನಿರಿ.